ಸೋತ ಮೀನು ಎಲ್ಲಿಗೆ ಓಡಬೇಕು? ಮನೆಯ ಟ್ಯಾಂಕಿನಲ್ಲಿ ಸಿಕ್ಲಿಡ್‌ಗಳ ಜಗಳ

ಇದು ಈ ವಾರದ ವಿಡಿಯೋದ ಬರಹರೂಪ. ಮಾತಿನಲ್ಲಿ ಹಿಂದೆಮುಂದೆ ಆಗಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ, ಒಂದೆರಡು ಲೆಕ್ಕ ಸೇರಿಸಿದ್ದೇನೆ. ಲೋಕಲ್ ಟ್ರೇನಿನಲ್ಲಿ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಓದುವವರಿಗೆ ಇದೇ ಅನುಕೂಲ ಅಂತ ಗೊತ್ತು.

ಹೋದ ತಿಂಗಳು ಅಕ್ವೇರಿಯಂ ಫಿಲ್ಟರ್ ಬಗ್ಗೆ ಮಾತಾಡಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಫಿಲ್ಟರ್ ಬಗ್ಗೆ ಇರಲೇ ಇಲ್ಲ. ಎಲ್ಲ ಒಂದೇ ಧಾಟಿ: "ಸರ್, ಮೂರು ತಿಂಗಳು ಎಲ್ಲ ಚೆನ್ನಾಗಿತ್ತು. ಈಗ ಒಂದು ಮೀನು ಉಳಿದವನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತೆ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಸತ್ತಿರುತ್ತೆ. ಏನು ಮಾಡೋದು?" ಯಾವ ಮೀನು ಅಂತ ಕೇಳಿದರೆ ಆಫ್ರಿಕನ್, ಆಸ್ಕರ್, ಏಂಜಲ್, ಫ್ಲವರ್‌ಹಾರ್ನ್. ನಾಲ್ಕೂ ಒಂದೇ ಕುಟುಂಬದವು, ಸಿಕ್ಲಿಡ್‌ಗಳು.

ಇವತ್ತು ನಾನು ಹೇಳಬೇಕು ಅಂತಿರುವುದು ಒಂದೇ ವಿಷಯ. ಸಿಕ್ಲಿಡ್‌ಗಳು ಕೆರೆಯಲ್ಲೂ ಜಗಳ ಆಡುತ್ತವೆ, ಟ್ಯಾಂಕಿನಲ್ಲೂ ಆಡುತ್ತವೆ. ಕೆರೆಯಲ್ಲಿ ಸೋತ ಮೀನು ಓಡಿಹೋಗುತ್ತೆ, ಅಲ್ಲಿಗೆ ಜಗಳ ಮುಗಿಯುತ್ತೆ. ಟ್ಯಾಂಕಿನಲ್ಲಿ ಓಡಲು ಜಾಗ ಇಲ್ಲ, ಹಾಗಾಗಿ ಜಗಳ ಮುಗಿಯುವುದೇ ಇಲ್ಲ. ಕೋಡ್ ಬರೆಯುವವರಿಗೆ ಬೇಗ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಲೂಪ್ ಸರಿಯಾಗೇ ಇದೆ, ಹೊರಬರುವ ಕಂಡಿಷನ್ ಅನ್ನು ನಾವು ಡಿಲೀಟ್ ಮಾಡಿದ್ದೇವೆ. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ಉಪಾಯಗಳೂ ತಾವಾಗಿಯೇ ಹೊಳೆಯುತ್ತವೆ.

ಯಾರಿವರು?

ಸಿಕ್ಲಿಡ್ ಕುಟುಂಬ ದೊಡ್ಡದು. ವಿಜ್ಞಾನಿಗಳು ಹೆಸರಿಟ್ಟು ವಿವರಿಸಿದ ಜಾತಿಗಳೇ 1,600ಕ್ಕಿಂತ ಹೆಚ್ಚು. ಕುರ್ಲಾದ ಭಾನುವಾರದ ಮೀನು ಮಾರ್ಕೆಟ್‌ಗೋ ಕ್ರಾಫರ್ಡ್ ಮಾರ್ಕೆಟ್‌ನ ಅಕ್ವೇರಿಯಂ ಅಂಗಡಿಗಳಿಗೋ ಹೋಗಿ. ಪ್ಲಾಸ್ಟಿಕ್ ಚೀಲದಲ್ಲಿ ಹಳದಿ, ನೀಲಿ, ಕಿತ್ತಳೆ ಬಣ್ಣದ ಬೆರಳುದ್ದದ ಮರಿಗಳನ್ನು "ಆಫ್ರಿಕನ್" ಅಂತ ಮಾರುತ್ತಿರುತ್ತಾರಲ್ಲ, ಅವು ಹೆಚ್ಚಾಗಿ ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ ಎಂಬೂನಾ ಗುಂಪಿನವು. ಆಸ್ಕರ್ ಮತ್ತು ಏಂಜಲ್ ದಕ್ಷಿಣ ಅಮೆರಿಕದವು. ತಲೆ ಉಬ್ಬಿದ ಫ್ಲವರ್‌ಹಾರ್ನ್ ಯಾವ ನದಿಯಲ್ಲೂ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಮಧ್ಯ ಅಮೆರಿಕದ ಸಿಕ್ಲಿಡ್‌ಗಳನ್ನು ಬೆರೆಸಿ ಮಾಡಿದ ತಳಿ. ಉಬ್ಬು ದೊಡ್ಡದಾದಷ್ಟೂ ಅದೃಷ್ಟ ಅಂತ ಫೆಂಗ್‌ಶುಯಿ ಹೆಸರಲ್ಲಿ ಮಾರಾಟವಾಯಿತು.

ಮೀನು ತಿನ್ನುವವರಿಗೂ ಸಿಕ್ಲಿಡ್ ಪರಿಚಯವೇ. ತಿಲಾಪಿಯಾ ಸಿಕ್ಲಿಡ್. 1952ರಲ್ಲಿ ಮೊಜಾಂಬಿಕ್ ತಿಲಾಪಿಯಾವನ್ನು ಸಾಕಣೆಗೆಂದು ಭಾರತಕ್ಕೆ ತಂದರು, ಆಮೇಲೆ ಅದು ದೇಶದ ಕೆರೆಕಟ್ಟೆಗಳಲ್ಲೆಲ್ಲ ಹಬ್ಬಿತು. ಕೇರಳದ ಕರಿಮೀನು ಕೂಡ ಸಿಕ್ಲಿಡ್ಡೇ. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ: ಕರಿಮೀನು, ಕಿತ್ತಳೆ ಕ್ರೋಮೈಡ್, ಮತ್ತು ಮೂರನೆಯದು ನಮ್ಮದು. ಅದರ ವೈಜ್ಞಾನಿಕ ಹೆಸರು ಎಟ್ರೋಪ್ಲಸ್ ಕೆನರೆನ್ಸಿಸ್. ಕೆನರಾ ಅಂದರೆ ನಮ್ಮ ದಕ್ಷಿಣ ಕನ್ನಡದ ಕೆನರಾ. 1877ರಲ್ಲಿ ಫ್ರಾನ್ಸಿಸ್ ಡೇ ಇದನ್ನು ವಿವರಿಸಿದ. ನೇತ್ರಾವತಿ, ಕುಮಾರಧಾರಾ ಮತ್ತು ಆಸುಪಾಸಿನ ಹೊಳೆಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇದರ ನೆಲೆ ಇಲ್ಲ. ಅಳಿವಿನ ಅಂಚಿನ ಪಟ್ಟಿಯಲ್ಲಿದೆ, ಅಕ್ವೇರಿಯಂ ವ್ಯಾಪಾರಕ್ಕೂ ಹಿಡಿಯುತ್ತಾರೆ. ಇದರ ಮಾತು ಕೊನೆಯಲ್ಲಿ ಮತ್ತೆ ಬರುತ್ತೆ.

ಇಷ್ಟು ಜಗಳ ಯಾಕೆ?

ಬಹಳಷ್ಟು ಮೀನುಗಳು ನೀರಿಗೆ ಸಾವಿರಾರು ಮೊಟ್ಟೆ ಬಿಟ್ಟು ಹೊರಟುಬಿಡುತ್ತವೆ. ಸಿಕ್ಲಿಡ್‌ಗಳು ಹಾಗಲ್ಲ. ಕಡಿಮೆ ಮೊಟ್ಟೆ, ಹೆಚ್ಚು ಜೋಪಾನ. ಕೆಲವು ಕಲ್ಲಿನ ಮೇಲೆ ಮೊಟ್ಟೆಯಿಟ್ಟು ಗಂಡು ಹೆಣ್ಣು ಇಬ್ಬರೂ ಕಾಯುತ್ತವೆ. ಎಂಬೂನಾದ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಸುಮಾರು ಮೂರು ವಾರ ಹೆಚ್ಚುಕಮ್ಮಿ ಉಪವಾಸ ಇರುತ್ತಾಳೆ. ಕಿತ್ತಳೆ ಕ್ರೋಮೈಡ್‌ನ ಮರಿಗಳು ಅಪ್ಪ ಅಮ್ಮನ ಮೈಮೇಲಿನ ಲೋಳೆಯನ್ನು ಮೇಯುತ್ತವೆ. ಇಷ್ಟು ಮುಚ್ಚಟೆ ಮಾಡುವ ಜೀವಿಗೆ ತನ್ನದು ಅಂತ ಒಂದು ಜಾಗ ಬೇಕೇ ಬೇಕು. ಜಾಗ ಬೇಕೆಂದರೆ ಕಾವಲು ಬೇಕು, ಕಾವಲು ಅಂದರೆ ಕಚ್ಚುವ ಹಲ್ಲು. ನಾವು ಮೆಚ್ಚುವ ತಾಯ್ತನವೂ ನಾವು ಬೈಯುವ ಜಗಳಗಂಟತನವೂ ಒಂದೇ ಬುಡದಿಂದ ಬಂದದ್ದು. ಮೂರು ತಿಂಗಳು ಸುಮ್ಮನಿದ್ದ ಮೀನು ದಿಢೀರನೆ ಯಾಕೆ ಕೆಟ್ಟಿತು ಅಂದರೆ, ಅದು ಕೆಟ್ಟಿಲ್ಲ, ಪ್ರಾಯಕ್ಕೆ ಬಂತು.

ಈ ಜಗಳಕ್ಕೆ ನಿಯಮಗಳಿವೆ. ಮೊದಲು ಬಣ್ಣ ಗಾಢವಾಗುತ್ತೆ. ರೆಕ್ಕೆ ಅಗಲಿಸಿ, ಪಕ್ಕಕ್ಕೆ ತಿರುಗಿ, "ನೋಡು, ನಾನೆಷ್ಟು ದೊಡ್ಡವನು" ಅಂತ ತೋರಿಸುತ್ತೆ. ಆಮೇಲೆ ಬಾಲದಿಂದ ನೀರನ್ನು ಎದುರಾಳಿಯ ಕಡೆ ಬೀಸುತ್ತೆ, ಆ ಬೀಸಿನಿಂದ ಬಲ ಗೊತ್ತಾಗುತ್ತೆ. ಕಿವಿರು ಉಬ್ಬಿಸುತ್ತೆ. ಅದಕ್ಕೂ ಬಗ್ಗದಿದ್ದರೆ ಬಾಯಿಗೆ ಬಾಯಿ ಹಿಡಿದು ಎಳೆದಾಡುತ್ತವೆ. ನಿಜವಾದ ಕಚ್ಚಾಟ ಕೊನೆಯ ಹಂತ. ಪ್ರತಿ ಹಂತದಲ್ಲೂ ಎರಡೂ ಮೀನುಗಳು ಗೆಲ್ಲುವ ಸಾಧ್ಯತೆಯನ್ನು ಅಳೆಯುತ್ತಿರುತ್ತವೆ. ತಾನು ಚಿಕ್ಕವನು ಅಂತ ಖಾತ್ರಿಯಾದ ಮೀನು ರೆಕ್ಕೆ ಮಡಚಿ, ಬಣ್ಣ ಮಸುಕು ಮಾಡಿಕೊಂಡು ಹೊರಟುಹೋಗುತ್ತೆ. ಮೇನಾರ್ಡ್ ಸ್ಮಿತ್ ಮತ್ತು ಪ್ರೈಸ್ 1973ರಲ್ಲಿ ಗೇಮ್ ಥಿಯರಿ ಬಳಸಿ ತೋರಿಸಿದ್ದು ಇದನ್ನೇ. ಗಾಯದ ಬೆಲೆ ದೊಡ್ಡದಾಗಿರುವಾಗ, ಸಾಯುವವರೆಗೂ ಹೋರಾಡುವ ತಂತ್ರಕ್ಕಿಂತ ಮಿತಿಯಲ್ಲಿ ಜಗಳವಾಡುವ ತಂತ್ರ ಹೆಚ್ಚು ಕಾಲ ಉಳಿಯುತ್ತೆ.

ಆದರೆ ಆ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ: ಸೋತವನು ಕಣ್ಣಿಂದ ಮರೆಯಾಗಬೇಕು.

ಈಗ ನಮ್ಮ ಮನೆಯ ಲೆಕ್ಕ ನೋಡಿ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಅಂದರೆ ಸುಮಾರು 57 ಲೀಟರ್, ಅದೂ ಅಂಚಿನವರೆಗೆ ತುಂಬಿಸಿದರೆ. ಉದ್ದ 60 ಸೆಂಟಿಮೀಟರ್. ಅದರಲ್ಲಿ 12 ಸೆಂಟಿಮೀಟರಿನ ಮೀನು ಈ ಗೋಡೆಯಿಂದ ಆ ಗೋಡೆಗೆ ಓಡಿದರೆ ತನ್ನ ಮೈಯ ಐದರಷ್ಟು ದೂರ. ಐದೂವರೆ ಅಡಿ ಎತ್ತರದ ನಮಗೆ ಹೋಲಿಸಿದರೆ 27 ಅಡಿ. ನಿಮ್ಮನ್ನು ಹೊಡೆಯುವವನ ಜೊತೆ 27 ಅಡಿ ಉದ್ದದ ಕೋಣೆಯಲ್ಲಿ ಬಾಗಿಲು ಹಾಕಿ ಕೂಡಿಟ್ಟ ಹಾಗೆ. ಸೋತ ಮೀನು "ಸೋತೆ" ಅಂತ ಹೇಳಿ ಮೂಲೆಗೆ ಹೋಗುತ್ತೆ. ಗೆದ್ದ ಮೀನಿನ ಕಣ್ಣಿಗೆ ಅದು ಇನ್ನೂ ಅಲ್ಲೇ ಇದೆ. ಇನ್ನೂ ಅಲ್ಲೇ ಇದೆ ಅಂದರೆ ಇನ್ನೂ ಸೋತಿಲ್ಲ ಅಂತ ಅರ್ಥ. ಮತ್ತೆ ದಾಳಿ. ಬಹಳ ಸಲ ಮೀನು ಸಾಯುವುದು ಒಂದು ದೊಡ್ಡ ಕಚ್ಚಿನಿಂದ ಅಲ್ಲ. ದಿನಗಟ್ಟಲೆ ಊಟ ಬಿಟ್ಟು, ಸ್ಟ್ರೆಸ್‌ನಿಂದ ರೋಗನಿರೋಧಕ ಶಕ್ತಿ ಕುಸಿದು, ಹರಿದ ರೆಕ್ಕೆಗೆ ಸೋಂಕು ತಗುಲಿ ಸಾಯುತ್ತೆ.

ರೌಡಿಯನ್ನು ತೆಗೆದರೆ ಸರಿಹೋಗುತ್ತಾ?

ಕಲ್ಯಾಣದಲ್ಲಿರುವ ನನ್ನ ಗೆಳೆಯನೊಬ್ಬ, ಹುಬ್ಬಳ್ಳಿಯವನು, ಫೋನ್ ಮಾಡಿದ್ದ. "ಲೇ, ಆ ನೀಲಿ ಮೀನನ್ನ ಅಂಗಡಿಗೆ ವಾಪಸ್ ಕೊಟ್ಟು ಬಂದೆ ನೋಡು. ಎರಡು ದಿನ ಭಾಳ ಶಾಂತಿ ಇತ್ತು. ಈಗ ಆ ಹಳದಿದು ಶುರು ಹಚ್ಚೇದ." ಹಳದಿ ಮೀನು ಅಷ್ಟು ದಿನ ಪಾಪದ ಪ್ರಾಣಿಯ ಹಾಗೆ ಕಲ್ಲಿನ ಹಿಂದೆ ಇತ್ತಂತೆ.

ಇದು ಹೀಗೇ ಆಗುತ್ತೆ ಅನ್ನುವುದಕ್ಕೆ ಒಳ್ಳೆಯ ಪ್ರಯೋಗಗಳಿವೆ. ಟ್ಯಾಂಗನ್ಯೀಕಾ ಸರೋವರದ ಅಸ್ಟಾಟೋಟಿಲಾಪಿಯಾ ಬರ್ಟೋನಿ ಅನ್ನುವ ಸಿಕ್ಲಿಡ್‌ನಲ್ಲಿ ಗಂಡುಗಳದ್ದು ಎರಡು ವರ್ಗ. ಜಾಗ ಹಿಡಿದವು ಗಾಢ ಬಣ್ಣದವು, ಕಣ್ಣಿನ ಕೆಳಗೆ ಕಪ್ಪು ಪಟ್ಟೆ. ಜಾಗ ಇಲ್ಲದವು ಹೆಣ್ಣಿನ ಹಾಗೆ ಮಾಸಲು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಸೆಲ್ ಫರ್ನಾಲ್ಡ್ ಅವರ ತಂಡ ಕತ್ತಲಲ್ಲಿ ಯಜಮಾನ ಮೀನನ್ನು ಎತ್ತಿಬಿಟ್ಟಿತು. ಬೆಳಕು ಬಂದ ಮೇಲೆ ಕೆಳಗಿನ ಮೀನು ಅವನಿಲ್ಲ ಅಂತ ನೋಡಿದ್ದೇ, ಕೆಲವೇ ನಿಮಿಷಗಳಲ್ಲಿ ಬಣ್ಣ ಬದಲಿಸಿ ಯಜಮಾನಿಕೆ ಶುರು ಮಾಡಿತು. ಮೆದುಳಿನಲ್ಲಿ ಸಂತಾನಶಕ್ತಿಯನ್ನು ನಿಯಂತ್ರಿಸುವ ಭಾಗದಲ್ಲಿ ಜೀನ್‌ಗಳ ಚಟುವಟಿಕೆಯೂ ಏರಿತು. 2005ರಲ್ಲಿ ಬಂದ ಫಲಿತಾಂಶ ಇದು. ಅಂದರೆ ರೌಡಿತನ ಒಂದು ಮೀನಿನ ಗುಣ ಅನ್ನುವುದಕ್ಕಿಂತ ಟ್ಯಾಂಕಿನಲ್ಲಿ ಖಾಲಿಯಾಗುವ ಒಂದು ಹುದ್ದೆ. ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರಿಗೆ ಪ್ರಮೋಷನ್.

ಇದೇ ತಂಡದ 2007ರ ಪ್ರಯೋಗ ಇನ್ನೂ ಸೋಜಿಗ. ಒಂದು ಮೀನನ್ನು ಪ್ರೇಕ್ಷಕನಾಗಿ ಕೂರಿಸಿ ಐದು ಗಂಡುಗಳ ಜಗಳ ತೋರಿಸಿದರು. ಒಂದನೆಯವನು ಎರಡನೆಯವನನ್ನು ಸೋಲಿಸಿದ, ಎರಡನೆಯವನು ಮೂರನೆಯವನನ್ನು, ಹೀಗೆ ಜೋಡಿ ಜೋಡಿಯಾಗಿ. ಎರಡನೆಯವನೂ ನಾಲ್ಕನೆಯವನೂ ಎದುರುಬದುರಾಗಿದ್ದನ್ನು ಆ ಪ್ರೇಕ್ಷಕ ನೋಡಿರಲೇ ಇಲ್ಲ. ಆದರೂ ಆ ಇಬ್ಬರನ್ನು ಎರಡು ಬದಿಗೆ ಇಟ್ಟಾಗ ಅದು ದುರ್ಬಲನಾದ ನಾಲ್ಕನೆಯವನ ಕಡೆ ಹೋಯಿತು. ನೋಡಿದ್ದರಿಂದ ನೋಡದ್ದನ್ನು ಊಹಿಸಿತು. ಹಾಗಾಗಿ ನಿಮ್ಮ ಟ್ಯಾಂಕಿನಲ್ಲಿ ಒಂದು ಮೀನು ಪದೇ ಪದೇ ಸೋಲುವುದನ್ನು ಉಳಿದವು ಗಮನಿಸುತ್ತಿರುತ್ತವೆ. ಜೊತೆಗೆ, ಗೆದ್ದವನು ಮುಂದಿನ ಜಗಳವನ್ನೂ ಗೆಲ್ಲುವ ಸಾಧ್ಯತೆ ಹೆಚ್ಚು, ಸೋತವನು ಮತ್ತೆ ಸೋಲುವ ಸಾಧ್ಯತೆ ಹೆಚ್ಚು. ಕೆಳಗೆ ಬಿದ್ದ ಮೀನನ್ನು ಎಲ್ಲರೂ ತುಳಿಯುವುದು ಹೀಗೆ.

ಸಿಟ್ಟು ತುಂಬಿ ಹರಿಯುತ್ತಾ?

ಇಲ್ಲಿ ಒಂದು ಹಳೆಯ ವಾದ ಹೇಳಲೇಬೇಕು, ಯಾಕಂದರೆ ಅದರಲ್ಲಿ ನಮ್ಮ ದೇಶದ ಮೀನಿಗೂ ಪಾತ್ರ ಇದೆ. ಕಾನ್ರಾಡ್ ಲೊರೆಂಜ್ 1963ರಲ್ಲಿ ಆಕ್ರಮಣಶೀಲತೆಯ ಬಗ್ಗೆ ಒಂದು ಪುಸ್ತಕ ಬರೆದರು. ಸಿಟ್ಟು ಅನ್ನುವುದು ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ತುಂಬುವ ಹಾಗೆ ಒಳಗೇ ತುಂಬುತ್ತಾ ಹೋಗುತ್ತೆ, ಎಲ್ಲಾದರೂ ಹೊರಹಾಕಲೇಬೇಕು ಅನ್ನುವುದು ಅವರ ವಾದ. ಸಾಕ್ಷಿಯಾಗಿ ಸಿಕ್ಲಿಡ್ ದಂಪತಿಗಳನ್ನು ತೋರಿಸಿದರು. ಗಾಜಿನ ಆಚೆ ನೆರೆಯ ಜೋಡಿ ಕಾಣುತ್ತಿದ್ದರೆ ಗಂಡ ಹೆಂಡತಿ ಅನ್ಯೋನ್ಯವಾಗಿರುತ್ತಾರೆ. ಗಾಜಿಗೆ ಪಾಚಿ ಕಟ್ಟಿ ನೆರೆಯವರು ಕಾಣದಾದರೆ ಗಂಡ ಹೆಂಡತಿಯ ಮೇಲೇ ಎರಗುತ್ತಾನೆ. ಆ್ಯನ್ ರಾಸಾ ಅನ್ನುವ ಸಂಶೋಧಕಿ 1969ರಲ್ಲಿ ಇದನ್ನು ಕಿತ್ತಳೆ ಕ್ರೋಮೈಡ್ ಜೋಡಿಗಳಲ್ಲಿ ಪರೀಕ್ಷಿಸಿದಾಗ, ಒಂಟಿಯಾಗಿಟ್ಟ ಜೋಡಿಗಳ ಸಂಸಾರ ಕೆಡುವುದು ಹೆಚ್ಚು ಅಂತ ಕಂಡರು.

ಹಾಗಾದರೆ ಸಿಟ್ಟು ಹೊರಹಾಕಲು ಟಾರ್ಗೆಟ್ ಕೊಟ್ಟರೆ ಸಾಕಾ? ಇಲ್ಲ. 1972ರಲ್ಲಿ ಹೈಲಿಗೆನ್‌ಬರ್ಗ್ ಮತ್ತು ಕ್ರಾಮರ್ ಬರ್ಟೋನಿ ಗಂಡುಗಳನ್ನು ಎದುರಾಳಿಯೇ ಕಾಣದ ಹಾಗೆ ಇಟ್ಟು ನೋಡಿದರು. ಸಿಟ್ಟು ತುಂಬುವ ಬದಲು ದಿನ ಕಳೆದಂತೆ ಇಳಿಯಿತು. ಎದುರಾಳಿಯ ಬೊಂಬೆ ತೋರಿಸಿದಾಗ ಏರಿತು. ಎದುರಾಳಿ ಕಾಣುವುದೇ ಸಿಟ್ಟಿಗೆ ಇಂಧನ. ಲೊರೆಂಜ್ ಕಂಡದ್ದು ಸುಳ್ಳಲ್ಲ. ಒಂದು ಜೋಡಿಯನ್ನೇ ಪೆಟ್ಟಿಗೆಯಲ್ಲಿ ಇಟ್ಟರೆ ಹೊಡೆತ ತಿನ್ನಲು ಹೆಂಡತಿ ಒಬ್ಬಳೇ ಉಳಿಯುತ್ತಾಳೆ. ಅವರು ಕೊಟ್ಟ ಕಾರಣವನ್ನು ಮಾತ್ರ ಹಾಗೇ ಒಪ್ಪಲಾಗದು.

ನಮಗೆ ಇದರ ಉಪಯೋಗ ಏನು ಅಂದರೆ, ಫ್ಲವರ್‌ಹಾರ್ನ್‌ಗೆ ದಿನಾ ಕನ್ನಡಿ ತೋರಿಸಿ, ಬಣ್ಣ ಬರುತ್ತೆ, ತಲೆ ಉಬ್ಬುತ್ತೆ ಅಂತ ಹೇಳುವವರಿದ್ದಾರಲ್ಲ, ಅವರ ಮಾತು ಕೇಳಬೇಡಿ. ಓಡದ, ಸೋಲದ, ಸುಸ್ತಾಗದ ಶತ್ರುವನ್ನು ಅದರ ಮುಂದೆ ನಿಲ್ಲಿಸುತ್ತಿದ್ದೀರಿ. ರಾತ್ರಿ ಹಾಲ್‌ನ ಲೈಟ್ ಆರಿಸಿ ಟ್ಯಾಂಕಿನ ಎಲ್ಇಡಿ ಮಾತ್ರ ಹಾಕಿದಾಗ ಗಾಜಿನ ಒಳಮೈಯೇ ಕನ್ನಡಿಯಾಗುತ್ತೆ, ಅದನ್ನೂ ಗಮನಿಸಿ.

ಭಾನುವಾರದ ಕ್ಲೀನಿಂಗ್

ನಮ್ಮ ಮನೆಗಳಲ್ಲಿ ಇದೊಂದು ಪದ್ಧತಿ. ಭಾನುವಾರ ಬೆಳಿಗ್ಗೆ ಮೀನುಗಳನ್ನೆಲ್ಲ ಬಕೆಟ್‌ಗೆ ಹಾಕಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಲ್ಲುಗಳನ್ನು ಉಜ್ಜಿ ತೊಳೆದು, ಹೊಸ ನೀರು ತುಂಬಿಸಿ, ಫಳಫಳ ಅಂತ ಹೊಳೆಯುವ ಹಾಗೆ ಮಾಡುವುದು. ಸಂಜೆ ಹೊತ್ತಿಗೆ ಜಗಳ. ಇದು ಕಾಕತಾಳೀಯ ಅಲ್ಲ.

ಸಿಕ್ಲಿಡ್‌ಗಳು ವಾಸನೆಯಲ್ಲೂ ಮಾತಾಡುತ್ತವೆ. ಪೋರ್ಚುಗಲ್‌ನ ವಿಜ್ಞಾನಿಗಳು ಮೊಜಾಂಬಿಕ್ ತಿಲಾಪಿಯಾದಲ್ಲಿ ಕಂಡುಕೊಂಡದ್ದನ್ನು 2007ರಲ್ಲಿ ಪ್ರಕಟಿಸಿದರು. ಯಜಮಾನ ಗಂಡು ಮೂತ್ರವನ್ನು ಹಿಡಿದಿಟ್ಟುಕೊಂಡು ಎದುರಾಳಿಯ ಮುಂದೆ ಸ್ವಲ್ಪ ಸ್ವಲ್ಪವೇ ಬಿಡುತ್ತೆ. ಆ ವಾಸನೆಯೇ ಅದರ ಐಡಿ ಕಾರ್ಡ್. "ಇಲ್ಲಿ ಯಾರು ದೊಡ್ಡವರು" ಅನ್ನುವ ಮಾಹಿತಿ ನೀರಿನಲ್ಲೇ ಕರಗಿರುತ್ತೆ. ನೀರೆಲ್ಲ ಚೆಲ್ಲಿದರೆ ಆ ರಿಜಿಸ್ಟರ್ ಕೂಡ ಚೆಲ್ಲಿತು, ಎಲ್ಲ ಮೊದಲಿಂದ ಇತ್ಯರ್ಥವಾಗಬೇಕು. ಬ್ರೆಜಿಲ್‌ನಲ್ಲಿ ಏಂಜಲ್ ಮೀನುಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೂ ಇದಕ್ಕೆ ಹೊಂದುತ್ತೆ. ಅರ್ಧದಷ್ಟು ನೀರು ಬದಲಿಸಿದಾಗ ಜಗಳಕ್ಕೆ ಆಗುವ ಪ್ರಚೋದನೆಗಿಂತ ಕಾಲುಭಾಗ ಬದಲಿಸಿದಾಗ ಆಗುವುದು ಕಡಿಮೆ.

ಹಾಗಾಗಿ ವಾರಕ್ಕೊಮ್ಮೆ ಕಾಲುಭಾಗ ಸಾಕು. ಬಿಎಂಸಿ ನೀರಿನಲ್ಲಿ ಕ್ಲೋರಿನ್ ಇರುತ್ತೆ, ಆಂಟಿ-ಕ್ಲೋರಿನ್ ಹಾಕಿಯೇ ಬಿಡಿ. ಸೊಸೈಟಿಗೆ ಕೆಲವು ದಿನ ಟ್ಯಾಂಕರ್ ನೀರು ಬರುವ ಕಡೆ ಗಡಸುತನ ಒಮ್ಮೆಲೇ ಬದಲಾಗಬಹುದು, ಅಂಥ ದಿನ ನೀರು ಬದಲಿಸಬೇಡಿ. ಇನ್ನೊಂದು ಮುಂಬೈ ಸಮಸ್ಯೆ ಮೇ ತಿಂಗಳು. ಮುಚ್ಚಿದ ಹಾಲ್‌ನಲ್ಲಿ ನೀರು 30 ಡಿಗ್ರಿ ದಾಟುತ್ತೆ. ಮೀನಿನ ಮೈಯ ಚಟುವಟಿಕೆ ನೀರಿನ ಬಿಸಿಯ ಜೊತೆ ಏರುತ್ತೆ, ಬಿಸಿ ನೀರಿನಲ್ಲಿ ಆಕ್ಸಿಜನ್ ಮಾತ್ರ ಕಡಿಮೆ. ಅಟ್ಟಾಡಿಸುವವನಿಗೆ ಹುರುಪು ಜಾಸ್ತಿ, ಓಡುವವನಿಗೆ ಉಸಿರು ಕಡಿಮೆ. ಮುಚ್ಚಳ ತೆಗೆದು ಮೇಲೆ ಜಾಳಿಗೆ ಹಾಕಿ, ಒಂದು ಚಿಕ್ಕ ಫ್ಯಾನ್ ನೀರಿನ ಮೇಲ್ಮೈಗೆ ಬೀಸುವಂತೆ ಇಡಿ, ಏರ್ ಪಂಪ್ ಹೆಚ್ಚಿಸಿ.

ಏನು ಮಾಡಬಹುದು?

ಮೊದಲನೆಯದು ಅಳತೆ. ಅಮೆರಿಕದ ರೊನಾಲ್ಡ್ ಓಲ್ಡ್‌ಫೀಲ್ಡ್ ಅವರು ಫ್ಲವರ್‌ಹಾರ್ನ್‌ನ ಹತ್ತಿರದ ಬಂಧುವಾದ ಮೈಡಾಸ್ ಸಿಕ್ಲಿಡ್ ಮರಿಗಳನ್ನು ಬೇರೆ ಬೇರೆ ಟ್ಯಾಂಕುಗಳಲ್ಲಿ ಇಟ್ಟು ನೋಡಿ 2011ರಲ್ಲಿ ಫಲಿತಾಂಶ ಬರೆದರು. ಟ್ಯಾಂಕ್ ಸ್ವಲ್ಪ ದೊಡ್ಡದು ಮಾಡಿದರೆ, ಮೀನಿನ ಸಂಖ್ಯೆ ಸ್ವಲ್ಪ ಹೆಚ್ಚುಕಮ್ಮಿ ಮಾಡಿದರೆ ಜಗಳದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಹಳ ದೊಡ್ಡ ಜಾಗ, ಅದರಲ್ಲಿ ಅಡಗಲು ಬೇಕಾದಷ್ಟು ಮರೆ ಇದ್ದಾಗ ಮಾತ್ರ ಜಗಳ ಇಳಿಯಿತು. ಎರಡು ಅಡಿಯಿಂದ ಎರಡೂವರೆ ಅಡಿಗೆ ಹೋದರೆ ಸಾಲದು ಅಂತ ಅರ್ಥ. ಎಂಬೂನಾ ಗುಂಪಿಗೆ ನಾಲ್ಕು ಅಡಿ ಉದ್ದ ಅನ್ನುವುದನ್ನು ನಾನು ಕನಿಷ್ಠ ಅಂತ ಇಟ್ಟುಕೊಂಡಿದ್ದೇನೆ. ಎತ್ತರಕ್ಕಿಂತ ಉದ್ದ ಮತ್ತು ಅಗಲ ಮುಖ್ಯ, ಯಾಕಂದರೆ ಇವು ಜಾಗ ಹಿಡಿಯುವುದು ತಳದಲ್ಲಿ.

ಫ್ಲಾಟ್‌ನಲ್ಲಿರುವವರು ತೂಕವನ್ನೂ ನೋಡಿ. ನಾಲ್ಕು ಅಡಿ, ಒಂದೂವರೆ, ಒಂದೂವರೆ ಅಂದರೆ ಸುಮಾರು 255 ಲೀಟರ್, ಅಂದರೆ 255 ಕೆಜಿ ನೀರು. ಕಲ್ಲು, ಮರಳು, ಗಾಜು, ಸ್ಟ್ಯಾಂಡ್ ಸೇರಿ 350 ಕೆಜಿ ದಾಟುವುದು ಸುಲಭ. ವಾಸದ ಕೋಣೆಗಳಿಗೆ ಐಎಸ್ 875 ಹೇಳುವ ಭಾರ ಚದರ ಮೀಟರಿಗೆ ಸುಮಾರು 200 ಕೆಜಿ. ಅದು ಇಡೀ ನೆಲದ ಲೆಕ್ಕ, ಆದರೂ ಕೋಣೆಯ ನಡುವೆ ಅಥವಾ ಬಾಲ್ಕನಿಯಲ್ಲಿ ಇಡಬೇಡಿ. ಕೆಳಗೆ ಬೀಮ್ ಇರುವ ಗೋಡೆಯ ಪಕ್ಕ ಇಡಿ. ಹಳೆಯ ಕಟ್ಟಡ ಆದರೆ ಬಲ್ಲ ಇಂಜಿನಿಯರನ್ನು ಕೇಳಿ. ನಾನು ಹೇಳುವ ಇಂಜಿನಿಯರ್ ಸಿವಿಲ್‌ನವರು, ನಮ್ಮಂಥವರಲ್ಲ.

ಎರಡನೆಯದು ಮರೆ. ಟ್ಯಾಂಕಿನ ಒಂದು ತುದಿಯಲ್ಲಿ ಕಣ್ಣಿಟ್ಟು ನೋಡಿ, ಇನ್ನೊಂದು ತುದಿ ನೇರವಾಗಿ ಕಾಣುತ್ತಾ? ಕಂಡರೆ ಗೆದ್ದ ಮೀನಿಗೂ ಕಾಣುತ್ತೆ. ಕಲ್ಲನ್ನು ಹಿಂಬದಿಗೆ ಸಾಲಾಗಿ ಜೋಡಿಸುವ ಬದಲು ಎರಡು ಮೂರು ಗುಡ್ಡೆಗಳಾಗಿ ಮಾಡಿ, ನಡುವೆ ಅಡ್ಡ ಬರುವಂತೆ. ಪ್ರತಿ ಗುಹೆಗೂ ಎರಡು ಬಾಯಿ ಇರಲಿ. ಒಂದೇ ಬಾಯಿಯ ಗುಹೆ ಅಡಗುತಾಣ ಅಲ್ಲ, ಬಲೆ. ಕಲ್ಲು ಜಾರಿ ಗಾಜಿಗೆ ಬೀಳದಂತೆ ತಳದ ಗಾಜಿನ ಮೇಲೆ ಮೊದಲು ಕಲ್ಲಿಟ್ಟು ಆಮೇಲೆ ಮರಳು ಹಾಕಿ.

ಮೂರನೆಯದು ಸಂಖ್ಯೆ. ಎಂಬೂನಾ ಸಾಕುವವರು ಬೇಕೆಂದೇ ಮೀನು ಜಾಸ್ತಿ ಹಾಕುತ್ತಾರೆ. ಇದು ಶುದ್ಧ ಲೋಡ್ ಬ್ಯಾಲೆನ್ಸಿಂಗ್. ಒಬ್ಬ ರೌಡಿ ಗಂಟೆಗೆ 60 ಸಲ ದಾಳಿ ಮಾಡುತ್ತಾನೆ ಅಂತಿಟ್ಟುಕೊಳ್ಳಿ. ಒಂದೇ ಮೀನು ಇದ್ದರೆ 60 ಪೆಟ್ಟೂ ಅದಕ್ಕೇ. ಹದಿನೈದು ಇದ್ದರೆ ತಲೆಗೆ ನಾಲ್ಕು. ಜಾಗ ಹಿಡಿದು ಕಾಯುವುದೂ ಕಷ್ಟವಾಗುತ್ತೆ. ಅಪಾಯದ ಸಂಖ್ಯೆ ಎರಡು, ಮೂರು, ನಾಲ್ಕು. ಜೋಡಿಯಾಗಿ ಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತೆ. ಒಂದು ಗಂಡಿಗೆ ಕನಿಷ್ಠ ಮೂರು ಹೆಣ್ಣು ಇರಲಿ. ಆದರೆ ಇದಕ್ಕೆ ಬೆಲೆ ಇದೆ: ದೊಡ್ಡ ಫಿಲ್ಟರ್, ತಪ್ಪದ ನೀರು ಬದಲಾವಣೆ, ಕರೆಂಟ್ ಹೋದರೆ ಬ್ಯಾಟರಿ ಏರ್ ಪಂಪ್. ಈ ಉಪಾಯ ಚಿಕ್ಕ ಟ್ಯಾಂಕಿಗೆ ಅಲ್ಲ. ಫ್ಲವರ್‌ಹಾರ್ನ್, ಆಸ್ಕರ್‌ಗಳಿಗಂತೂ ಅಲ್ಲವೇ ಅಲ್ಲ.

ನಾಲ್ಕನೆಯದು ಹೊಸ ಮೀನು ಬಿಡುವ ಕ್ರಮ. ಮೊದಲಿಂದ ಇರುವವನಿಗೆ ತನ್ನ ಜಾಗದಲ್ಲಿ ಯಾವಾಗಲೂ ಮೇಲುಗೈ. ಅದಕ್ಕೇ ಮೊದಲು ಕಲ್ಲುಗಳನ್ನೆಲ್ಲ ಬೇರೆ ರೀತಿ ಜೋಡಿಸಿ, ಹಳೆಯವರಿಗೂ ಅದು ಹೊಸ ಊರಾಗಲಿ. ಎಲ್ಲಕ್ಕೂ ಸ್ವಲ್ಪ ತಿನ್ನಲು ಹಾಕಿ, ಲೈಟ್ ಆರಿಸಿ, ಆಮೇಲೆ ಹೊಸಬರನ್ನು ಬಿಡಿ. ಒಂದೊಂದಾಗಿ ಬಿಡಬೇಡಿ, ಹೆಚ್ಚುಕಮ್ಮಿ ಒಂದೇ ಗಾತ್ರದ ಗುಂಪನ್ನು ಒಟ್ಟಿಗೆ ಬಿಡಿ.

ಐದನೆಯದು ಕಣ್ಣು. ಅಟ್ಟಾಟ ಎಲ್ಲವೂ ಅಪಾಯ ಅಲ್ಲ. ಓಡಿಸಿದ ಮೀನು ಐದು ನಿಮಿಷದಲ್ಲಿ ಬಂದು ಊಟ ಮಾಡಿದರೆ ಚಿಂತೆ ಬೇಡ. ಒಂದು ಮೀನು ಮೇಲಿನ ಮೂಲೆಯಲ್ಲಿ ಫಿಲ್ಟರ್ ಪೈಪಿನ ಹಿಂದೆ ನಿಂತೇ ಇದ್ದರೆ, ರೆಕ್ಕೆ ಮೈಗೆ ಅಂಟಿಸಿಕೊಂಡಿದ್ದರೆ, ಬಣ್ಣ ಕಪ್ಪಿಟ್ಟು ಊಟಕ್ಕೆ ಬಾರದಿದ್ದರೆ, ಹುರುಪೆ ಕಿತ್ತಿದ್ದರೆ, ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಬೇರೆ ಮಾಡಿ. ತೂತುಗಳಿರುವ ಪ್ಲಾಸ್ಟಿಕ್ ತಡೆ ಸಾಕು, ಇಲ್ಲವೇ ಸ್ಪಂಜ್ ಫಿಲ್ಟರ್ ಇರುವ ಒಂದು ಟಬ್. ಪೆಟ್ಟು ತಿಂದವನು ಚೇತರಿಸಿಕೊಳ್ಳುವವರೆಗೆ ಅಲ್ಲಿರಲಿ. ಹೊಡೆದವನನ್ನು ಕೂಡ ಒಂದು ವಾರ ಹೊರಗಿಟ್ಟು, ಕಲ್ಲು ಬದಲಿಸಿ, ಕೊನೆಯಲ್ಲಿ ಅವನನ್ನು ಬಿಟ್ಟರೆ ಅವನು ಹೊಸಬನಾಗಿ ಬರುತ್ತಾನೆ.

ಕೊಳ್ಳುವ ಮುಂಚೆ

ಇಷ್ಟೆಲ್ಲ ಮಾಡಿದರೂ ಕೆಲವು ಮೀನುಗಳಿಗೆ ಜೊತೆ ಇಲ್ಲ. ಪ್ರಾಯದ ಫ್ಲವರ್‌ಹಾರ್ನ್ ಒಂಟಿಯಾಗಿಯೇ ಇರಬೇಕು. ಇದನ್ನು ಕ್ರೌರ್ಯ ಅಂತ ನೋಡಬೇಡಿ. ಎದುರಾಳಿ ಕಾಣದಿದ್ದರೆ ಸಿಟ್ಟು ಇಳಿಯುತ್ತೆ ಅಂತ ಮೇಲೆ ನೋಡಿದೆವಲ್ಲ. ಆಸ್ಕರ್ ಒಂದಡಿ ಬೆಳೆಯುವ ಮೀನು. ಅಂಗಡಿಯಲ್ಲಿ ಎರಡು ಇಂಚು ಇದ್ದಾಗ ಯಾರೂ ಅದನ್ನು ಹೇಳುವುದಿಲ್ಲ, ನಾವೇ ಕೇಳಬೇಕು: "ಭಾಯ್, ಏ ಕಿತ್ನಾ ಬಡಾ ಹೋಗಾ?" ಒನ್ ಬಿಎಚ್‌ಕೆಯಲ್ಲಿ ಎರಡು ಅಡಿ ಟ್ಯಾಂಕಿಗಷ್ಟೇ ಜಾಗ ಇದ್ದರೆ ಸಿಕ್ಲಿಡ್ ಆಸೆ ಬಿಟ್ಟು ಗಪ್ಪಿ, ಟೆಟ್ರಾ ಸಾಕಿ. ಮಕ್ಕಳಿಗೆ ಖುಷಿ, ನಿಮಗೆ ಬೆಳಗಿನ ಹೊತ್ತು ಸತ್ತ ಮೀನು ಎತ್ತುವ ಕೆಲಸ ಇಲ್ಲ.

ಸಾಕಲಾಗದ್ದನ್ನು ಪವಾಯಿ ಕೆರೆಗೋ ತಲಾವ್‌ಪಾಳಿಗೋ ಬಿಟ್ಟು "ಬಿಡುಗಡೆ ಮಾಡಿದೆ" ಅಂತ ಸಮಾಧಾನ ಪಡಬೇಡಿ. ಮಲೇಷ್ಯಾ, ಸಿಂಗಾಪುರಗಳ ಜಲಾಶಯಗಳಿಗೆ ಜನ ಬಿಟ್ಟ ಫ್ಲವರ್‌ಹಾರ್ನ್‌ಗಳು ಸೇರಿಕೊಂಡಿವೆ. ನಮ್ಮಲ್ಲಿ ತಿಲಾಪಿಯಾ ಎಷ್ಟು ಹಬ್ಬಿದೆ ಅಂತ ಮೊದಲೇ ಹೇಳಿದೆ. ಸಾಕಲಾಗದಿದ್ದರೆ ಅಂಗಡಿಗೆ ವಾಪಸ್ ಕೊಡಿ, ದೊಡ್ಡ ಟ್ಯಾಂಕ್ ಇರುವವರನ್ನು ಹುಡುಕಿ ಕೊಡಿ.

ಇನ್ನು ನಮ್ಮ ಕೆನರಾ ಮೀನು. ಅಂಗಡಿಯಲ್ಲಿ ಕಂಡರೆ ನಮ್ಮೂರಿನದು ಅಂತ ಪ್ರೀತಿ ಉಕ್ಕುವುದು ಸಹಜ. ಕೊಳ್ಳುವ ಮುಂಚೆ ಇದು ಹೊಳೆಯಿಂದ ಹಿಡಿದದ್ದೋ, ಸಾಕಿ ಮರಿ ಮಾಡಿದ್ದೋ ಅಂತ ಕೇಳಿ. ಉತ್ತರ ಸ್ಪಷ್ಟವಾಗಿ ಬರದಿದ್ದರೆ ಬಿಟ್ಟು ಬನ್ನಿ. ಕುಮಾರಧಾರೆಯಲ್ಲಿ ಇದ್ದರೆ ಅದಕ್ಕೆ ಜಗಳವಾಡಲೂ ಜಾಗ ಇದೆ, ಸೋತರೆ ಓಡಲೂ ಜಾಗ ಇದೆ.

ಮುಂದಿನ ವಾರ ಬಿಎಂಸಿ ನೀರಿನ ಪಿಎಚ್ ಮತ್ತು ಗಡಸುತನವನ್ನು ಮನೆಯಲ್ಲೇ ಅಳೆಯುವುದು ಹೇಗೆ ಅಂತ ಟೆಸ್ಟ್ ಕಿಟ್ ಇಟ್ಟುಕೊಂಡು ತೋರಿಸುತ್ತೇನೆ. ಪ್ರಶ್ನೆ ಕಳಿಸುವವರು ದಯವಿಟ್ಟು ಮೂರು ವಿಷಯ ಸೇರಿಸಿ: ಟ್ಯಾಂಕಿನ ಉದ್ದ ಅಗಲ ಎತ್ತರ, ಯಾವ ಮೀನು ಎಷ್ಟು, ಮತ್ತು ಒಂದು ತುದಿಯಿಂದ ಇನ್ನೊಂದು ತುದಿ ಕಾಣುವ ಹಾಗೆ ತೆಗೆದ ಒಂದು ಫೋಟೋ. ಆ ಫೋಟೋದಲ್ಲೇ ಅರ್ಧ ಉತ್ತರ ಇರುತ್ತೆ.